ಹೇಳದೆ ಹೇಳಿದ್ದನ್ನು ಹಿಡಿಯುವುದು ಹೇಗೆ

ಬಾಗಲಕೋಟೆಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಅಪ್ಪಾಜಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು, ನಾನು ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುತ್ತೇನೆ. ಜಾತ್ರೆಯ ಕರಪತ್ರ, ಸಂಘದ ವರದಿ, ಅಭಿನಂದನಾ ಗ್ರಂಥ, ಚುನಾವಣೆ ಬಂದರೆ ಹ್ಯಾಂಡ್‌ಬಿಲ್, ವರ್ಷಪೂರ್ತಿ ಹುಟ್ಟುಹಬ್ಬದ ಫ್ಲೆಕ್ಸ್. ಟೈಪ್ ಮಾಡುವವಳೂ ನಾನೇ, ಪ್ರೂಫ್ ನೋಡುವವಳೂ ನಾನೇ.

ಈ ಕೆಲಸದಲ್ಲಿ ಓದುಗರಿಗೆ ಸಿಗದ ಒಂದು ಅನುಕೂಲ ಇದೆ. ನಿಮ್ಮ ಕೈಗೆ ಬರುವುದು ಅಚ್ಚಾದ ಸಾಲು ಮಾತ್ರ. ಅದಕ್ಕೂ ಮೊದಲು ಅಲ್ಲಿ ಏನಿತ್ತು, ಯಾರು ಫೋನ್ ಮಾಡಿ ತೆಗೆಸಿದರು, ಯಾವ ಪದ ಹೋಗಿ ಯಾವ ಪದ ಬಂತು ಅನ್ನುವುದು ನನಗೆ ಗೊತ್ತಿರುತ್ತದೆ. ರಾಜಕೀಯದವರ ಬರವಣಿಗೆ ಇರಲಿ, ಸಾಹಿತ್ಯ ಪರಿಷತ್ತಿನವರ ಬರವಣಿಗೆ ಇರಲಿ, ಅರ್ಧ ಮಾತು ಇರುವುದು ಆ ಹೊಡೆದುಹಾಕಿದ ಪದಗಳಲ್ಲೇ. ಅವನ್ನು ನೀವು ಊಹೆಯಿಂದ ವಾಪಸ್ ತರಬೇಕು. ಹೇಗೆ ಅನ್ನುವುದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ಎಲ್ಲಕ್ಕೂ ಕೀಲಿ ಒಂದೇ. ಯಾವುದೇ ಸಾಲು ಸಿಕ್ಕರೂ, ಈ ಜಾಗದಲ್ಲಿ ಬೇರೆ ಏನು ಬರೆಯಬಹುದಿತ್ತು ಎಂದು ಕೇಳಿ. ಆ ಬದಲಿಯನ್ನು ಅಲ್ಲೇ ಇಟ್ಟು ಇನ್ನೊಮ್ಮೆ ಓದಿ. ಎರಡರ ನಡುವೆ ಏನು ವ್ಯತ್ಯಾಸ ಬರುತ್ತದೋ ಅದೇ ಬರೆದವರು ಹೇಳದೆ ಹೇಳಿದ ಮಾತು.

ಆಮಂತ್ರಣ ಪತ್ರಿಕೆಯಿಂದ ಶುರು ಮಾಡಿ

ಸಂಪಾದಕೀಯ, ಪ್ರಣಾಳಿಕೆ ಎಲ್ಲ ಆಮೇಲೆ. ಮೊದಲು ಒಂದು ಕಾರ್ಯಕ್ರಮದ ಕಾರ್ಡ್ ಎತ್ತಿಕೊಳ್ಳಿ. ನಮ್ಮ ಕಡೆ ಇಷ್ಟು ಯೋಚಿಸಿ ಬರೆಯುವ ರಾಜಕೀಯ ಬರವಣಿಗೆ ಇನ್ನೊಂದಿಲ್ಲ. ಅದರಲ್ಲಿ ಒಂದು ಪೂರ್ತಿ ವಾಕ್ಯವೂ ಇರುವುದಿಲ್ಲ, ಬರೀ ಹೆಸರುಗಳು. ಆದರೂ ಊರಿನ ಅರ್ಧ ಇತಿಹಾಸ ಅಲ್ಲಿರುತ್ತದೆ.

ಮೇಲಿಂದ ಕೆಳಗೆ ಬನ್ನಿ. ದಿವ್ಯ ಸಾನ್ನಿಧ್ಯ, ಸಮ್ಮುಖ, ನೇತೃತ್ವ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಅತಿಥಿಗಳು, ಗೌರವ ಉಪಸ್ಥಿತಿ, ಬರೀ ಉಪಸ್ಥಿತಿ. ಪ್ರತಿಯೊಂದೂ ಒಂದೊಂದು ಮೆಟ್ಟಿಲು. ಒಬ್ಬರನ್ನು ಮುಖ್ಯ ಅತಿಥಿಯಿಂದ ಗೌರವ ಉಪಸ್ಥಿತಿಗೆ ಇಳಿಸಿದರೆ ಯಾರೂ ಯಾರನ್ನೂ ಬೈದಂತಾಗುವುದಿಲ್ಲ. ಆದರೆ ಕಾರ್ಡ್ ಹಂಚಿದ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಇಬ್ಬರು ಶ್ರೀಗಳು ಒಂದೇ ವೇದಿಕೆಗೆ ಬರುವವರಿದ್ದರೆ ಇನ್ನೂ ಮಜಾ. ಒಬ್ಬರಿಗೆ ದಿವ್ಯ ಸಾನ್ನಿಧ್ಯ, ಇನ್ನೊಬ್ಬರಿಗೆ ಪಾವನ ಸಾನ್ನಿಧ್ಯ ಎಂದು ಹಾಕಿಸುತ್ತಾರೆ. ದಿವ್ಯ ದೊಡ್ಡದೋ ಪಾವನ ದೊಡ್ಡದೋ? ಯಾರಿಗೂ ಹೇಳಲು ಬರಬಾರದು ಎಂದೇ ಹಾಗೆ ಮಾಡಿರುತ್ತಾರೆ. ಕೆಲವು ಕಾರ್ಡುಗಳಲ್ಲಿ ಹೆಸರುಗಳ ಪಟ್ಟಿಯ ಮೇಲೆ ‘ಅಕಾರಾದಿಯಾಗಿ’ ಎಂದು ಕಂಸದಲ್ಲಿ ಇರುತ್ತದೆ. ನಾವು ಯಾರನ್ನೂ ಮೇಲೆ ಕೆಳಗೆ ಮಾಡಿಲ್ಲ ಎಂದು ಅದರ ಅರ್ಥ. ಮೇಲೆ ಕೆಳಗೆ ಎಂದು ಈಗಾಗಲೇ ಜಗಳ ಆಗಿದೆ ಎಂದೂ ಅರ್ಥ.

ಬರುವುದಿಲ್ಲ ಎಂದು ಗೊತ್ತಿದ್ದವರ ಹೆಸರೂ ಹಾಕಿಸುತ್ತಾರೆ. ಅವರು ಬರಲಿ ಅಂತ ಅಲ್ಲ, ನಾವು ಕರೆದಿದ್ದೆವು ಎನ್ನುವುದು ಕಾಗದದ ಮೇಲೆ ಇರಲಿ ಅಂತ. ಅದರ ಉಲ್ಟಾನೂ ಉಂಟು. ಖಂಡಿತ ಬರುವವರ ಹೆಸರನ್ನು ಬಿಟ್ಟು, ಆ ದಿನ ವೇದಿಕೆಯ ಮೇಲೆ ಕೂರಿಸುವುದು. ಕಾರ್ಡ್ ಯಾರ ಕೈಗೆ ಹೋಗುತ್ತದೆ, ವೇದಿಕೆ ಯಾರಿಗೆ ಕಾಣುತ್ತದೆ ಎಂದು ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸರ್ಕಾರಿ ಕಾರ್ಯಕ್ರಮದ ಕಾರ್ಡಿನಲ್ಲಿ ಕ್ಷೇತ್ರದ ಶಾಸಕರ ಹೆಸರು ಅಧ್ಯಕ್ಷತೆಯ ಜಾಗದಲ್ಲಿದ್ದರೆ ಅದರಿಂದ ಏನನ್ನೂ ಊಹಿಸಬೇಡಿ. ಶಿಷ್ಟಾಚಾರದಲ್ಲೇ ಹಾಗಿದೆ. ಬೇರೆ ಬರೆಯುವ ಅವಕಾಶವೇ ಇರಲಿಲ್ಲ ಅಂದಮೇಲೆ ಬರೆದದ್ದರಲ್ಲಿ ಗುಟ್ಟು ಎಲ್ಲಿಂದ ಬರಬೇಕು? ಅದೇ ಹೆಸರು ಒಂದು ಸಮಾಜದ ವಾರ್ಷಿಕೋತ್ಸವದ ಕಾರ್ಡಿನಲ್ಲಿ ಯಾವ ಸಾಲಿನಲ್ಲಿದೆ ನೋಡಿ. ಅಲ್ಲಿ ಆಯ್ಕೆ ಇತ್ತು.

ಫ್ಲೆಕ್ಸಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ದಿನಾ ನೋಡುತ್ತೀರಿ. ಹೆಸರಿನ ಕೆಳಗೆ ‘ಸಮಾಜ ಸೇವಕರು’ ಎಂದಿದ್ದರೆ ಆ ಮನುಷ್ಯ ಚುನಾವಣೆಗೆ ನಿಲ್ಲುವ ಯೋಚನೆಯಲ್ಲಿದ್ದಾರೆ. ಪಕ್ಷದ ಚಿಹ್ನೆ ಇಲ್ಲದೆ ಬರೀ ‘ಅಭಿಮಾನಿ ಬಳಗ’ ಎಂದಿದ್ದರೆ ಯಾವ ಪಕ್ಷ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ, ಅಥವಾ ಟಿಕೆಟ್ ಸಿಗುವ ಖಾತ್ರಿ ಇಲ್ಲ. “ಅಕ್ಕಾರ, ಇವ್ರ ಹೆಸರು ಕೆಳಗ ಇರಲಿ, ಆದ್ರ ಫೋಟೋ ಮ್ಯಾಲಿನವ್ರಷ್ಟ ದೊಡ್ಡದು ಮಾಡ್ರಿ” ಎಂದು ಹುಡುಗರು ಬಂದು ನಿಂತರೆ ಪಕ್ಷದೊಳಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನನಗೆ ಪೇಪರಿಗಿಂತ ಮೊದಲೇ ಗೊತ್ತಾಗುತ್ತದೆ. ಪಂಚಾಯಿತಿ ಅಧ್ಯಕ್ಷೆ ಆಯ್ಕೆಯಾದ ಅಭಿನಂದನೆಯ ಫ್ಲೆಕ್ಸಿನಲ್ಲಿ ಆಕೆಯ ಫೋಟೋ ಚಿಕ್ಕದು, ಗಂಡನ ಫೋಟೋ ದೊಡ್ಡದು. ಪಂಚಾಯಿತಿ ಯಾರ ಕೈಯಲ್ಲಿ ನಡೆಯಲಿದೆ ಎಂದು ಬರೆದು ಹೇಳಬೇಕಾ?

ಕ್ರಿಯಾಪದದ ಕೆಳಗೆ ಯಾರಿದ್ದಾರೆ

ಇನ್ನು ವಾಕ್ಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಇದು ನಮ್ಮೂರಿನ ವಿಷಯವೂ ಹೌದು.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಒಂದಷ್ಟು ಭಾಗ ಹೋಯಿತು. ಜನ ನವನಗರಕ್ಕೆ ಬಂದರು. ವಿಷಯ ಇಷ್ಟೇ. ಇದನ್ನು ಎಷ್ಟು ರೀತಿ ಬರೆಯಬಹುದು ನೋಡಿ.

‘ಊರು ಮುಳುಗಿತು.’ ಯಾರೂ ಏನೂ ಮಾಡಿಲ್ಲ, ಮಳೆ ಬಂದ ಹಾಗೆ ತಾನಾಗಿ ಆಯಿತು.

‘ಊರು ಮುಳುಗಡೆಯಾಯಿತು.’ ಈಗ ಅದು ಕಚೇರಿಯ ವಿಷಯ. ಕಡತ ಇದೆ, ಸರ್ವೆ ನಂಬರ್ ಇದೆ. ಕಣ್ಣೀರು ಇಲ್ಲ.

‘ಊರನ್ನು ಮುಳುಗಿಸಲಾಯಿತು.’ ಯಾರೋ ಮಾಡಿದ್ದಾರೆ ಎಂದು ಒಪ್ಪಿಕೊಂಡಾಯಿತು. ಯಾರು ಎನ್ನುವುದನ್ನು ಮಾತ್ರ ವಾಕ್ಯ ನುಂಗಿಕೊಂಡಿದೆ.

‘ಊರನ್ನು ಮುಳುಗಿಸಿದರು.’ ಇದು ಊರಿನವರ ಬಾಯಿಯ ಮಾತು. ಯಾರು ಎಂದು ಇಲ್ಲೂ ಹೇಳಿಲ್ಲ, ಆದರೆ ಬೆರಳು ಎತ್ತಿ ಆಗಿದೆ.

‘ನಾಡಿಗಾಗಿ ಊರನ್ನೇ ತ್ಯಾಗ ಮಾಡಿದರು.’ ಇದು ಭಾಷಣದಲ್ಲಿ, ಸ್ಮರಣ ಸಂಚಿಕೆಯಲ್ಲಿ ಬರುವ ಸಾಲು. ಮುಳುಗಿಸಿದವರು ಇದರಲ್ಲಿ ಕಾಣೆಯಾಗಿದ್ದಾರೆ. ಕಳೆದುಕೊಂಡವರೇ ಈಗ ಕರ್ತೃ. ಅವರಾಗಿಯೇ ಕೊಟ್ಟರು ಎನ್ನುವ ಹಾಗೆ! ಕೊಟ್ಟವರನ್ನು ಸನ್ಮಾನಿಸಬಹುದು, ಕಸಿದುಕೊಂಡದ್ದಾದರೆ ಪರಿಹಾರದ ಮಾತು ಬರುತ್ತದೆ.

ಆದರೆ ಇದೇ ‘ತ್ಯಾಗ’ವನ್ನು ಸಂತ್ರಸ್ತರೂ ಬಳಸುತ್ತಾರೆ. ಅವರ ಮನವಿ ಪತ್ರಗಳು ನಮ್ಮ ಪ್ರೆಸ್ಸಿಗೆ ಟೈಪಿಗೆ ಬರುತ್ತವೆ. ‘ನಾಡಿಗಾಗಿ ಮನೆ ಮಠ ತ್ಯಾಗ ಮಾಡಿದ ನಮಗೆ’ ಎಂದು ಶುರುವಾಗಿ, ಮುಂದೆ ಸೈಟು, ಹಕ್ಕುಪತ್ರ, ನೌಕರಿಯ ಬೇಡಿಕೆ. ವೇದಿಕೆಯ ಮೇಲೆ ಸಮಾಧಾನ ಮಾಡಲು ಬಂದ ಪದ ಇಲ್ಲಿ ಬಾಕಿ ವಸೂಲಿಗೆ ಬಂದಿದೆ. ಅದಕ್ಕೇ ಪದಕ್ಕೆ ಇಂಥದ್ದೇ ಗುಪ್ತ ಅರ್ಥ ಎಂದು ಬಾಯಿಪಾಠ ಮಾಡಿಕೊಳ್ಳಬೇಡಿ. ಯಾರು, ಯಾರಿಗೆ, ಏನು ಕೇಳಲು ಬರೆದದ್ದು ಎಂದು ಪ್ರತಿ ಸಲವೂ ನೋಡಿ.

ಪತ್ರಿಕೆಗಳು ಬೆಳಗಾವಿಯನ್ನು ಕುಂದಾನಗರಿ, ವಿಜಯಪುರವನ್ನು ಗುಮ್ಮಟ ನಗರಿ, ನಮ್ಮನ್ನು ಮುಳುಗಡೆ ನಗರಿ ಎನ್ನುತ್ತವೆ. ಮೊದಲ ಎರಡು ಕೇಳಿದರೆ ಬಾಯಲ್ಲಿ ನೀರು ಬರುತ್ತದೆ, ಕತ್ತು ಮೇಲೇಳುತ್ತದೆ. ಮೂರನೆಯದೂ ಅದೇ ಅಚ್ಚಿನಲ್ಲಿ ಬಂದಿರುವುದರಿಂದ ಅದೂ ಊರಿನ ಒಂದು ವಿಶೇಷದ ಹಾಗೆ ಕೇಳಿಸುತ್ತದೆ. ಯಾರೂ ದುರುದ್ದೇಶದಿಂದ ಬರೆದಿಲ್ಲ. ಆದರೆ ದಿನಾ ಹಾಗೆ ಓದಿ ಓದಿ, ಒಂದು ನಷ್ಟವೇ ಊರಿನ ಅಡ್ಡಹೆಸರಾಗಿ ಕೂತುಬಿಟ್ಟಿದೆ.

ಅಣೆಕಟ್ಟಿನ ಮುಂದಿನ ಹಂತದ ಸುದ್ದಿಗಳನ್ನೂ ಹೀಗೇ ಓದಬಹುದು. ಈಗ ಆಲಮಟ್ಟಿಯಲ್ಲಿ ನೀರು ನಿಲ್ಲುವ ಮಟ್ಟ 519.60 ಮೀಟರ್. ಕೃಷ್ಣಾ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಒಂದು ಬರಹ ‘ಇನ್ನಷ್ಟು ಭೂಮಿಗೆ ನೀರು’ ಎನ್ನುತ್ತದೆ. ಇನ್ನೊಂದು ‘ಇನ್ನಷ್ಟು ಊರಿಗೆ ನೀರು’ ಎನ್ನುತ್ತದೆ. ಎರಡೂ ಅದೇ ನೀರು. ಮೊದಲನೆಯದರಲ್ಲಿ ಕಬ್ಬು ಕಾಣುತ್ತದೆ, ಎರಡನೆಯದರಲ್ಲಿ ಹೊಸ್ತಿಲು ಕಾಣುತ್ತದೆ. ಮಹಾರಾಷ್ಟ್ರದ ಸಾಂಗಲಿ, ಕೊಲ್ಲಾಪುರದ ಕಡೆ ಇದೇ ಸುದ್ದಿಯಲ್ಲಿ ಪ್ರವಾಹದ ಭಯ ಬರುತ್ತದೆ. ಬರೆದವರು ಯಾವ ದಂಡೆಯಲ್ಲಿ ನಿಂತಿದ್ದಾರೆ ಎಂದು ಅವರು ಹೇಳುವುದಿಲ್ಲ, ಅವರ ನಾಮಪದಗಳು ಹೇಳುತ್ತವೆ.

ಅಭ್ಯಾಸಕ್ಕೆ ಒಂದು ಸಣ್ಣ ಕೆಲಸ. ಪೇಪರಿನಲ್ಲಿ ‘ಲಾಯಿತು’, ‘ಲಾಗಿದೆ’ ಎಂದು ಮುಗಿಯುವ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ‘ಅಂಗಡಿಗಳನ್ನು ತೆರವುಗೊಳಿಸಲಾಯಿತು’, ‘ಸಭೆಯನ್ನು ಮುಂದೂಡಲಾಗಿದೆ’. ಪ್ರತಿಯೊಂದರ ಪಕ್ಕದಲ್ಲಿ ‘ಯಾರು?’ ಎಂದು ಬರೆಯಿರಿ. ಉತ್ತರ ಅದೇ ವರದಿಯಲ್ಲಿ ಬೇರೆ ಕಡೆ ಸಿಕ್ಕರೆ ಬಿಟ್ಟುಬಿಡಿ, ಅದು ಸುಮ್ನೆ ಬರವಣಿಗೆಯ ರೂಢಿ. ಇಡೀ ವರದಿ ಹುಡುಕಿದರೂ ಸಿಗದಿದ್ದರೆ ಕತೆ ಬೇರೆ. ವಿಶೇಷಣಗಳನ್ನೂ ಬಿಡಬೇಡಿ. ‘ಲಘು ಲಾಠಿ ಪ್ರಹಾರ’ ಎಂದು ಎಷ್ಟೋ ಸಲ ಓದಿರುತ್ತೀರಿ. ಲಘು ಎಂದು ತೂಕ ಮಾಡಿದ್ದು ಬೀಸಿದವರು. ತಿಂದವರನ್ನು ಯಾರೂ ಕೇಳಿಲ್ಲ.

ಒಂದು ದೀರ್ಘ, ಒಂದು ‘ಅಂತೆ’

ಕನ್ನಡದಲ್ಲಿ ಕುಟುಕುವುದಕ್ಕೆ ಬೇರೆ ಪದವೇ ಬೇಕಿಲ್ಲ. ಒಂದು ಸ್ವರ ಸಾಕು. ಈ ಸಾಲುಗಳನ್ನು ಒಂದಾದ ಮೇಲೆ ಒಂದು ಜೋರಾಗಿ ಓದಿ.

ಶಾಸಕರು ರೈತರ ಸಭೆಗೆ ಬಂದರು.
ಶಾಸಕರೂ ರೈತರ ಸಭೆಗೆ ಬಂದರು.
ಶಾಸಕರು ರೈತರ ಸಭೆಗೂ ಬಂದರು.
ಶಾಸಕರು ರೈತರ ಸಭೆಗೆ ಬಂದೇ ಬಂದರು.
ಶಾಸಕರು ರೈತರ ಸಭೆಗೆ ಬಂದು ಹೋದರು.
ಶಾಸಕರು ರೈತರ ಸಭೆಗೆ ಬಂದಿದ್ದರಂತೆ.

ಮೊದಲನೆಯದು ಬರೀ ಸುದ್ದಿ. ಎರಡನೆಯದರಲ್ಲಿ ಅವರು ಬರುವ ಪೈಕಿಯಲ್ಲ, ಆದರೂ ಬಂದಿದ್ದಾರೆ. ಮೂರನೆಯದರಲ್ಲಿ ಅವರು ಎಲ್ಲ ಕಡೆ ಹೋಗುತ್ತಾರೆ, ಅದರಲ್ಲಿ ಇದೂ ಒಂದು. ನಾಲ್ಕನೆಯದರಲ್ಲಿ ಬರುತ್ತಾರೋ ಇಲ್ಲವೋ ಎಂದು ಜನ ಕಾದಿದ್ದರು. ಐದನೆಯದು ನನಗೆ ಬಹಳ ಇಷ್ಟ. ಕೂತು ಕೇಳಲಿಲ್ಲ ಎಂದು ಒಂದಕ್ಷರವೂ ಬರೆಯದೆ ಹೇಳಿಬಿಡುತ್ತದೆ. ಆರನೆಯದರಲ್ಲಿ ಬರೆದವರು ಕೈ ತೊಳೆದುಕೊಂಡಿದ್ದಾರೆ. ಪತ್ರಿಕೆಯ ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’ ಇವೆಲ್ಲ ಪ್ಯಾಂಟ್ ಶರ್ಟ್ ಹಾಕಿಕೊಂಡ ‘ಅಂತೆ’ಗಳು. ಪ್ರೂಫಿನಲ್ಲಿ ನಾನು ದೀರ್ಘವನ್ನು ಹುಡುಕಿ ತಿದ್ದುವುದು ಇದಕ್ಕೇ. ಒಂದು ‘ರೂ’ ತಪ್ಪಿ ಬಿದ್ದರೆ ಮರುದಿನ ಅಂಗಡಿಗೆ ಜನ ಬರುತ್ತಾರೆ.

ಬಹುವಚನವೂ ಹಾಗೆಯೇ. ಕಳ್ಳತನದ ಆರೋಪ ಹೊತ್ತ ಕೂಲಿ ಹುಡುಗನನ್ನು ‘ಬಂಧಿಸಲಾಗಿದೆ, ಈತ’ ಎಂದು ಬರೆಯುತ್ತಾರೆ. ಕೋಟಿಗಟ್ಟಲೆ ವಂಚನೆಯ ಆರೋಪ ಇರುವ ದೊಡ್ಡವರಾದರೆ ‘ಅವರನ್ನು ವಶಕ್ಕೆ ಪಡೆದು ವಿಚಾರಣೆ ನಡೆಸಲಾಗಿದೆ’. ಇಬ್ಬರೂ ಇನ್ನೂ ಆರೋಪಿಗಳೇ. ನ್ಯಾಯಾಲಯಕ್ಕೆ ಮೊದಲೇ ವ್ಯಾಕರಣ ತೀರ್ಪು ಕೊಟ್ಟಿರುತ್ತದೆ. ಇದರಲ್ಲಿ ನನಗೆ ತಮಾಷೆ ಕಾಣುವುದಿಲ್ಲ.

ಹೊಗಳಿಕೆಯನ್ನು ಅನುಮಾನದಿಂದ ಓದಿ

ನಮ್ಮ ಜಿಲ್ಲೆಯ ಐಹೊಳೆಯಲ್ಲಿ, ಮೇಗುಟಿ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ಬರೆದ ಶಾಸನ ಇದೆ. ಕಾಲ 634. ಸಂಸ್ಕೃತದ್ದು. ಇಮ್ಮಡಿ ಪುಲಕೇಶಿಯ ಗೆಲುವುಗಳ ಪಟ್ಟಿ. ಉತ್ತರದ ಹರ್ಷವರ್ಧನನ ಸರದಿ ಬಂದಾಗ ರವಿಕೀರ್ತಿ ಆಡುವ ಮಾತು ನೋಡಿ: ಯುದ್ಧದಲ್ಲಿ ಆನೆಗಳು ಬಿದ್ದವು, ಭಯಕ್ಕೆ ಹರ್ಷನ ಹರ್ಷ ಕರಗಿಹೋಯಿತು. ಸೋತ ಎನ್ನುವ ಪದದ ಗೋಜಿಗೇ ಹೋಗಿಲ್ಲ. ಎದುರಾಳಿಯ ಹೆಸರನ್ನೇ ಅವನ ಮೇಲೆ ತಿರುಗಿಸಿದ್ದಾನೆ. ಅದೇ ಶಾಸನದ ಕೊನೆಗೆ ತನ್ನ ಕೀರ್ತಿ ಕಾಳಿದಾಸ, ಭಾರವಿಯರ ಸಮ ಎಂದೂ ಹೇಳಿಕೊಂಡಿದ್ದಾನೆ. ರಾಜನನ್ನು ಹೊಗಳುವ ನೆಪದಲ್ಲಿ ತನ್ನ ಫೋಟೋವನ್ನೂ ಸ್ವಲ್ಪ ದೊಡ್ಡದು ಮಾಡಿಕೊಂಡ ಹಾಗೆ ಅಲ್ವಾ!

ಇದಕ್ಕಿಂತ ಸೂಕ್ಷ್ಮವಾದದ್ದು ಪಲ್ಲವರ ರಾಜಧಾನಿಯಾಗಿದ್ದ ಕಂಚಿಯಲ್ಲಿದೆ. ಪಲ್ಲವ ನರಸಿಂಹವರ್ಮ 642ರಲ್ಲಿ ಬಾದಾಮಿಯನ್ನು ಗೆದ್ದಿದ್ದ. ‘ವಾತಾಪಿಕೊಂಡ’ ಎಂಬ ಬಿರುದನ್ನೂ ಹಾಕಿಕೊಂಡ. ವಾತಾಪಿ ಎಂದರೆ ಬಾದಾಮಿಯೇ. ಸುಮಾರು ನೂರು ವರ್ಷದ ನಂತರ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಅಲ್ಲಿನ ಕೈಲಾಸನಾಥ ದೇವಾಲಯದಲ್ಲಿ ಅವನು ಕನ್ನಡದಲ್ಲಿ ಒಂದು ಶಾಸನ ಬರೆಸಿದ. ದೇವಾಲಯದ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟ ಎಂದು ಅದರ ಸಾರ.

ಈಗ ಬದಲಿ ಇಟ್ಟು ನೋಡಿ. ‘ಗೆದ್ದೆ’ ಎಂದಷ್ಟೇ ಬರೆಸಬಹುದಿತ್ತು, ಎಲ್ಲರೂ ಬರೆಸುತ್ತಾರೆ. ‘ದಾನ ಕೊಟ್ಟೆ’ ಎನ್ನಬಹುದಿತ್ತು. ಬರೆಸಿದ್ದು ‘ವಾಪಸ್ ಕೊಟ್ಟೆ’ ಎಂದು. ವಾಪಸ್ ಕೊಡಬೇಕಾದರೆ ಅದು ಮೊದಲು ಕೈಗೆ ಬಂದಿರಬೇಕು. ಒಯ್ಯುವ ಶಕ್ತಿ ಇತ್ತು, ಒಯ್ಯಲಿಲ್ಲ. ಇಷ್ಟು ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ‘ನೀವು ನಮ್ಮ ವಾತಾಪಿಗೆ ಬಂದಾಗ ಹೀಗೆ ನಡೆದುಕೊಂಡಿರಾ’ ಎಂಬ ಚುಚ್ಚುಮಾತೂ ಅದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಆದರೆ ಅದು ಅನ್ನಿಸಿಕೆ. ಓದುವಾಗ ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಇನ್ನು ತಮಿಳು ನಾಡಿನ ಗುಡಿಯಲ್ಲಿ ಕನ್ನಡದಲ್ಲಿ ಬರೆಸಿದ್ದು ಯಾರು ಓದಲಿ ಎಂದು? ಅದನ್ನೂ ಕೇಳಿಕೊಳ್ಳಬೇಕು. ಇದೇ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದು ಈಗ ವಿರೂಪಾಕ್ಷ ದೇವಾಲಯ ಎನ್ನಿಸಿಕೊಂಡಿದೆ. ಅದನ್ನು ಕಂಡು ಕೈ ಮುಗಿಯುವ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಯುದ್ಧದ ಬರವಣಿಗೆಯೂ ಹೌದು ಎಂದು ಹೊಳೆಯುತ್ತದೆ?

ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ಬೈಯುವ ವಿದ್ಯೆಯನ್ನು ನಮ್ಮ ಹೆಂಗಸರು ಬೀಸುಕಲ್ಲಿನ ಮುಂದೆಯೇ ಕಲಿತಿದ್ದರು. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಎಂಬ ಬರಹಗಾರರ ಬಳಗ ಸಂಗ್ರಹಿಸಿದಂಥ ತ್ರಿಪದಿಗಳಲ್ಲಿ ತವರಿನ ಹೊಗಳಿಕೆ ಧಾರಾಳವಾಗಿ ಬರುತ್ತದೆ. ಹಾಡುತ್ತಿರುವುದು ಅತ್ತೆಮನೆಯಲ್ಲಿ, ಅತ್ತೆ ಪಡಸಾಲೆಯಲ್ಲೇ ಇದ್ದಾಳೆ ಎಂದು ನೆನಪಿಟ್ಟುಕೊಂಡು ಅವನ್ನು ಓದಿ. ತಣ್ಣಗಿನ ತವರು ಎಂದಾಗ ಬಿಸಿ ಯಾರಿಗೆ ತಟ್ಟುತ್ತದೆ? ವರ್ಗವಾಗಿ ಹೋದ ಅಧಿಕಾರಿಯ ಬಗ್ಗೆ ಇದ್ದಕ್ಕಿದ್ದ ಹಾಗೆ ಒಂದು ಮೆಚ್ಚುಗೆಯ ಲೇಖನ ಬಂದರೆ, ಈಗಿರುವ ಅಧಿಕಾರಿಗೆ ಪೇಪರ್ ಕಳಿಸಿಕೊಡುವವರು ಇದ್ದೇ ಇರುತ್ತಾರೆ.

ಅಭಿನಂದನಾ ಗ್ರಂಥಗಳಲ್ಲಿ ಇನ್ನೊಂದು ಬಗೆ ಇದೆ. ಕೇಳಿದ್ದನ್ನು ಬಿಟ್ಟು ಬೇರೆಯದನ್ನು ಹೊಗಳುವುದು. ಒಂದು ಸಹಕಾರಿ ಸಂಘದ ಅಧ್ಯಕ್ಷರ ಬಗ್ಗೆ ಇಡೀ ಲೇಖನ ಬಂದಿತ್ತು. ಅವರ ಕಂಠ ಚೆನ್ನ, ಭಜನೆ ಚೆನ್ನ, ಬಂದವರಿಗೆ ಚಹಾ ಕೊಡದೆ ಕಳಿಸುವುದಿಲ್ಲ. ಸಂಘದ ಲೆಕ್ಕದ ಬಗ್ಗೆ ಒಂದು ಸಾಲೂ ಇಲ್ಲ. ಬರೆದವರು ಸಂಘದ ಹಳೆಯ ಗುಮಾಸ್ತರು, ಲೆಕ್ಕ ಅವರಿಗೆ ಗೊತ್ತಿಲ್ಲದ್ದಲ್ಲ. ಪಾಲ್ ಗ್ರೈಸ್ ಎಂಬ ಇಂಗ್ಲಿಷ್ ತತ್ವಶಾಸ್ತ್ರಜ್ಞರು 1975ರಲ್ಲಿ ಅಚ್ಚಾದ ಲೇಖನದಲ್ಲಿ ಇಂಥದ್ದೇ ಉದಾಹರಣೆ ಕೊಟ್ಟಿದ್ದಾರೆ. ತತ್ವಶಾಸ್ತ್ರದ ನೌಕರಿಗೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ ಗುರು ಬರೆಯುತ್ತಾರೆ: ಇವನ ಇಂಗ್ಲಿಷ್ ಚೆನ್ನಾಗಿದೆ, ಪಾಠಕ್ಕೆ ತಪ್ಪದೆ ಬರುತ್ತಿದ್ದ. ಅಷ್ಟೇ. ಎಷ್ಟು ಹೇಳಬೇಕಿತ್ತೋ ಅಷ್ಟು ಹೇಳದಿದ್ದರೆ ಕೇಳುವವರು ಕಾರಣ ಹುಡುಕುತ್ತಾರೆ ಎನ್ನುವುದು ಅವರ ವಾದ. ‘ನೇರ ನುಡಿಯವರು’ ಎಂದರೆ ಸಿಟ್ಟಿನವರು, ‘ಕುಟುಂಬ ವತ್ಸಲರು’ ಎಂದರೆ ಅಳಿಯನಿಗೆ ನೌಕರಿ ಕೊಡಿಸಿದವರು. ಇವೆಲ್ಲ ಪ್ರೆಸ್ಸಿನಲ್ಲಿ ಕೂತವರಿಗೆ ನಗು ತರಿಸುವ ಪದಗಳು.

ಹೆಸರು ಯಾವುದು ಬಳಸಿದ್ದಾರೆ

ಇದು ಬೇಗ ಮುಗಿಯುತ್ತದೆ. 2014ರ ನವೆಂಬರ್ 1ರಿಂದ ಬೆಳಗಾವಿ, ವಿಜಯಪುರ ಎಂದು ಅಧಿಕೃತ ಹೆಸರುಗಳು ಬಂದವು. 2021ರಲ್ಲಿ ಮುಂಬೈ ಕರ್ನಾಟಕ ಕಿತ್ತೂರು ಕರ್ನಾಟಕವಾಯಿತು. ಯಾರದೋ ಕೈಕೆಳಗೆ ಇದ್ದೆವು ಎನ್ನುವ ನೆನಪು ಹೋಗಿ, ಎದುರು ನಿಂತೆವು ಎನ್ನುವ ನೆನಪು ಬಂತು. ಮಹಾರಾಷ್ಟ್ರದ ಜೊತೆಗಿನ ಗಡಿಯ ಬಗ್ಗೆ ಓದುವಾಗಲೂ ಹಾಗೇ. ಯಾವ ಊರು ಯಾವ ರಾಜ್ಯಕ್ಕೆ ಎಂದು ಹೇಳಿದ 1967ರ ಮಹಾಜನ ವರದಿಯೇ ಅಂತಿಮ ಎನ್ನುವವರು ‘ವಿವಾದ’ ಎಂದು ಬರೆಯಲು ಹಿಂಜರಿಯುತ್ತಾರೆ. ವಿವಾದ ಎಂದರೆ ಇನ್ನೂ ತೀರ್ಮಾನ ಆಗಬೇಕಿದೆ ಎಂದು ಒಪ್ಪಿದ ಹಾಗೆ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮಹಾರಾಷ್ಟ್ರದ ಕಡೆಯ ಬರಹಗಳಲ್ಲಿ ‘ಸೀಮಾಪ್ರಶ್ನೆ’ ಎಂದಿರುತ್ತದೆ. ಪ್ರಶ್ನೆ ಅಂದಮೇಲೆ ಉತ್ತರ ಬರಬೇಕಲ್ಲ! ಲಿಂಗಾಯತ, ವೀರಶೈವ, ವೀರಶೈವ ಲಿಂಗಾಯತ ಇವುಗಳಲ್ಲಿ ಕಾರ್ಡಿನ ಮೇಲೆ ಯಾವುದು ಇರಬೇಕು ಎಂದು ನಾನಂತೂ ಗಿರಾಕಿಗಳನ್ನು ಕೇಳಿಯೇ ಹಾಕುತ್ತೇನೆ. 2018ರಲ್ಲಿ ರಾಜ್ಯ ಸರ್ಕಾರ ಧಾರ್ಮಿಕ ಅಲ್ಪಸಂಖ್ಯಾತ ಮಾನ್ಯತೆಗೆ ಕೇಂದ್ರಕ್ಕೆ ಶಿಫಾರಸು ಮಾಡಿದ ಆಸುಪಾಸಿನಲ್ಲಿ ಆ ಒಂದು ಸಾಲಿಗಾಗಿ ಪ್ರೂಫ್ ಮೂರು ಮನೆ ತಿರುಗಿ ಬರುತ್ತಿತ್ತು.

ಜಾಸ್ತಿ ಓದಬೇಡಿ

ಈ ಚಾಳಿ ಹತ್ತಿದವರಿಗೆ ಎಲ್ಲ ಕಡೆ ಗುಟ್ಟೇ ಕಾಣುತ್ತದೆ. ಒಂದು ಕಾರ್ಡಿನಲ್ಲಿ ಒಬ್ಬ ಮಾಜಿ ಸದಸ್ಯರ ಫೋಟೋ ಇಲ್ಲ ಎಂದು ಚಹಾದಂಗಡಿಯಲ್ಲಿ ದೊಡ್ಡ ಕತೆಯೇ ಹುಟ್ಟಿತ್ತು. ನಿಜ ಏನೆಂದರೆ ಅವರ ಫೋಟೋ ವಾಟ್ಸ್‌ಆ್ಯಪಿನಲ್ಲಿ ಬಂದಿದ್ದು ಮಸುಕಾಗಿತ್ತು, ಸಂಘದವರು ಬೇರೆ ಕಳಿಸಲೇ ಇಲ್ಲ. ಹೆಸರು ಬಿಟ್ಟುಹೋಗುವುದಕ್ಕೆ ಕೊನೆಯ ಸಾಲಿನಲ್ಲಿ ಜಾಗ ಸಾಲದ್ದೂ ಕಾರಣ ಆಗಬಹುದು. ಎಪ್ಪತ್ತು ದಾಟಿದ ಅಜ್ಜಿ ‘ಬಿಜಾಪುರ’ ಎಂದು ಬರೆದರೆ ಅದು ರಾಜಕೀಯ ನಿಲುವಲ್ಲ, ನಾಲಿಗೆಯ ಅಭ್ಯಾಸ. ಇವತ್ತಿನ ಪಕ್ಷದ ಪ್ರಕಟಣೆಯಲ್ಲಿ ಅದೇ ಪದ ಬಂದರೆ ನೋಡಬೇಕು.

ಹಾಗಾದರೆ ಊಹೆ ಸರಿ ಎಂದು ಹೇಗೆ ನಂಬುವುದು? ಬರೆದವರಿಗೆ ಬೇರೆ ದಾರಿ ಇತ್ತಾ ಎನ್ನುವುದು ಮೊದಲ ಪ್ರಶ್ನೆ. ಶಿಷ್ಟಾಚಾರ, ಜಾಗ, ಕಾನೂನು, ಕಚೇರಿಯ ನಮೂನೆ ಇವು ಕಟ್ಟಿಹಾಕಿದ್ದರೆ ಅರ್ಥ ಹುಡುಕಬೇಡಿ. ಆಮೇಲೆ, ಅದೇ ಕೈ ಬೇರೆ ಕಡೆಯೂ ಹಾಗೇ ಬರೆದಿದೆಯಾ ನೋಡಿ. ಒಂದು ಸಲ ಹೆಸರು ಬಿಟ್ಟರೆ ಮರೆವು, ಸಾಲಾಗಿ ಬಿಡುತ್ತಾ ಬಂದರೆ ಮರೆವಲ್ಲ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಆ ಸೂಚನೆ ತಲುಪಬೇಕಾದ ಜನ ಯಾರು, ಅವರಿಗೆ ಅದು ತಲುಪಿತಾ ಎಂದು ವಿಚಾರಿಸಿ. ಯಾರಿಗೂ ತಲುಪದೆ ನಿಮಗೊಬ್ಬರಿಗೇ ಕಂಡಿದ್ದರೆ ಅದು ಬರಹದಲ್ಲಿಲ್ಲ, ನಿಮ್ಮ ತಲೆಯಲ್ಲಿದೆ.

ನೀವೇ ಬರೆಯುವವರಾದರೆ ಒಂದು ಮಾತು. ಬಾಯಿ ಕಟ್ಟಿದಾಗ ಸೂಚನೆ ದೊಡ್ಡ ಆಯುಧ. 1975ರ ತುರ್ತು ಪರಿಸ್ಥಿತಿಯಲ್ಲಿ ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟವು. ಮುಂಬೈಯ ಒಂದು ಇಂಗ್ಲಿಷ್ ಪತ್ರಿಕೆಯ ನಿಧನ ವಾರ್ತೆಯ ಅಂಕಣದಲ್ಲಿ ಡೆಮಾಕ್ರಸಿ ಎಂಬುದನ್ನೇ ಮನುಷ್ಯನ ಹೆಸರಿನ ಹಾಗೆ ಒಡೆದು, ಜೂನ್ 26ರಂದು ತೀರಿಕೊಂಡರು ಎಂದು ಯಾರೋ ಜಾಹೀರಾತು ಕೊಟ್ಟರು. ಮೇಲಿನವರಿಗೆ ಹೆದರಬೇಕಾದವರು ಹೀಗೆ ಬರೆದರೆ ನನಗೆ ಗೌರವ. ಕೆಳಗಿನವರ ಮೇಲೆ ಇದೇ ತಂತ್ರ ಬಳಸುವವರನ್ನು ಕಂಡರೆ ಆಗುವುದಿಲ್ಲ. ‘ಒಂದು ನಿರ್ದಿಷ್ಟ ಸಮುದಾಯದವರು’ ಎಂದು ಹ್ಯಾಂಡ್‌ಬಿಲ್ಲಿನಲ್ಲಿ ಬರೆಸುತ್ತಾರೆ. ಓದಿದ ಎಲ್ಲರಿಗೂ ಯಾರು ಎಂದು ಗೊತ್ತು. ಯಾರಾದರೂ ಕೇಳಿದರೆ ನಾವು ಯಾರ ಹೆಸರೂ ಹೇಳಿಲ್ಲ ಎನ್ನಬಹುದು. ಗಲಭೆಯ ವರದಿಯಲ್ಲಿ ಬೆಂಕಿ ಹೆಚ್ಚಾಗದಿರಲಿ ಎಂದು ಹೆಸರು ಬಿಡುವುದು ಬೇರೆ, ಹಚ್ಚಿ ಕೈ ಒರೆಸಿಕೊಳ್ಳಲು ಬಿಡುವುದು ಬೇರೆ. ಅಂಥದ್ದು ಬಂದರೆ “ಹೆಸರು ಹಾಕ್ರಿ, ಕೆಳಗ ನಿಮ್ಮ ಹೆಸರೂ ಹಾಕ್ರಿ” ಎನ್ನುತ್ತೇನೆ. ಸಾಮಾನ್ಯವಾಗಿ ಬೇರೆ ಪ್ರೆಸ್ ಹುಡುಕಿಕೊಂಡು ಹೋಗುತ್ತಾರೆ.

ಅಭ್ಯಾಸ ಮಾಡಲು ದೊಡ್ಡ ಪುಸ್ತಕ ಬೇಡ. ಒಂದೇ ಘಟನೆಯ ವರದಿಯನ್ನು ಎರಡು ಮೂರು ಪತ್ರಿಕೆಗಳಿಂದ ಕತ್ತರಿಸಿ ಪಕ್ಕಪಕ್ಕ ಇಡಿ. ಮೊದಲು ಕ್ರಿಯಾಪದ, ಆಮೇಲೆ ಹೆಸರು, ಆಮೇಲೆ ಗೌರವದ ಬಹುವಚನ, ಕೊನೆಗೆ ಯಾರ ಮಾತು ಬಂದಿಲ್ಲ ಎಂದು ಹುಡುಕಿ. ಬೆಳಗಾವಿಯಲ್ಲಿ ಅಧಿವೇಶನ ನಡೆಯುವ ಚಳಿಗಾಲದ ದಿನಗಳು ಇದಕ್ಕೆ ಬಹಳ ಒಳ್ಳೆಯವು. ಬೆಂಗಳೂರು ಆವೃತ್ತಿಯೂ ನಮ್ಮ ಕಡೆಯ ಆವೃತ್ತಿಯೂ ಒಂದೇ ದಿನದ್ದು ಸಿಕ್ಕರಂತೂ ಬಿಡಲೇಬೇಡಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಮನೆಗೆ ಬಂದ ಲಗ್ನಪತ್ರಿಕೆಯಾದರೂ ಸಾಕು. ‘ಸುಖಾಗಮನ ಬಯಸುವವರು’ ಎಂಬ ಪಟ್ಟಿಯಲ್ಲಿ ಯಾವ ಕಾಕಾನ ಹೆಸರಿಲ್ಲ ಎಂದು ನೋಡಿ. ಯಾಕೆ ಎಂದು ಮಾತ್ರ ಅಕ್ಷತೆ ಬೀಳುವವರೆಗೂ ಯಾರನ್ನೂ ಕೇಳಬೇಡಿ.